ನೂರು ಮೆಗಾವಾಟ್, ಒಂದು ಸೆಕೆಂಡ್: ಹಾರ್ನ್ಸ್‌ಡೇಲ್ ಬ್ಯಾಟರಿಯ ಪ್ರಕರಣ

2016ರ ಸೆಪ್ಟೆಂಬರ್ 28ರ ಮಧ್ಯಾಹ್ನ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ದಕ್ಷಿಣ ಆಸ್ಟ್ರೇಲಿಯಾದ ಇಡೀ ರಾಜ್ಯಕ್ಕೆ ಒಮ್ಮೆಲೇ ಕರೆಂಟು ಹೋಯಿತು. ಸುಮಾರು 8.5 ಲಕ್ಷ ಗ್ರಾಹಕರು ಕತ್ತಲಲ್ಲಿ ಉಳಿದರು. ಹೊರಗೆ ಭಾರೀ ಬಿರುಗಾಳಿ. ರಾಜ್ಯದ ಉತ್ತರ ಭಾಗದಲ್ಲಿ ಎರಡು ಸುಂಟರಗಾಳಿಗಳು ಎದ್ದು ಹೈಟೆನ್ಷನ್ ಮಾರ್ಗಗಳ 23 ಗೋಪುರಗಳನ್ನು ಬೀಳಿಸಿದ್ದವು. ಕರೆಂಟು ಮರಳಲು ಮೊದಲ ಕೆಲವು ಕಡೆ ಮೂರು ಗಂಟೆ ಹಿಡಿಯಿತು. ಹೆಚ್ಚಿನವರಿಗೆ ನಡುರಾತ್ರಿಯ ಹೊತ್ತಿಗೆ ಬಂತು, ಉತ್ತರದ ಕೆಲವು ಭಾಗಗಳು ಅಕ್ಟೋಬರ್ 11ರವರೆಗೆ ಕಾದವು.

ಬೆಳಕು ಪೂರ್ತಿ ಮರಳುವ ಮೊದಲೇ ರಾಜಕೀಯ ವಾಗ್ವಾದ ಶುರುವಾಗಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ರಾಜ್ಯದ ಕೊನೆಯ ಕಲ್ಲಿದ್ದಲು ಸ್ಥಾವರವಾದ ಪೋರ್ಟ್ ಆಗಸ್ಟಾದ ನಾರ್ದರ್ನ್ ವಿದ್ಯುತ್ ಕೇಂದ್ರ ಮುಚ್ಚಿತ್ತು. ಗಾಳಿ ವಿದ್ಯುತ್ತನ್ನು ನಂಬಿಕೊಂಡರೆ ಹೀಗೇ ಆಗುವುದು ಎಂದು ಒಂದು ಬಣ ಹೇಳಿತು. ಗೋಪುರಗಳೇ ಬಿದ್ದಾಗ ಗಾಳಿಯಾದರೇನು, ಕಲ್ಲಿದ್ದಲಾದರೇನು ಎಂದು ಇನ್ನೊಂದು ಬಣ ಮರುನುಡಿಯಿತು. ಎರಡೂ ಅರ್ಧ ಮಾತ್ರ ಸರಿ ಎಂಬುದು ತನಿಖಾ ವರದಿಗಳು ಬಂದಾಗ ಗೊತ್ತಾಯಿತು. ಒಂದು ವರ್ಷದ ನಂತರ ಇದೇ ರಾಜ್ಯದ ಗ್ರಿಡ್‌ಗೆ ಬಂದ ದೈತ್ಯ ಹಾರ್ನ್ಸ್‌ಡೇಲ್ ಬ್ಯಾಟರಿ ಏನು ಮಾಡಿತು, ಏನು ಮಾಡಲಿಲ್ಲ ಎಂಬುದು ಅರ್ಥವಾಗಬೇಕಾದರೆ ಆ ಮಧ್ಯಾಹ್ನದ ಕೊನೆಯ ಎರಡು ನಿಮಿಷಗಳಿಗೆ ಹೋಗಲೇಬೇಕು.

ಎರಡು ನಿಮಿಷ, ಆರು ಕುಸಿತ

ಅಪಘಾತಕ್ಕೆ ಸ್ವಲ್ಪ ಮೊದಲು ರಾಜ್ಯದ ಬೇಡಿಕೆ 1,826 ಮೆಗಾವಾಟ್ ಇತ್ತು. ಅದರಲ್ಲಿ 883 ಗಾಳಿಯಿಂದ, 330 ಅನಿಲ ಸ್ಥಾವರಗಳಿಂದ, ಉಳಿದ 613 ನೆರೆಯ ವಿಕ್ಟೋರಿಯಾದಿಂದ ಬರುತ್ತಿತ್ತು. ಮಾರ್ಗಗಳು ಒಂದರ ಹಿಂದೊಂದು ಕಡಿದಂತೆ ಎರಡೇ ನಿಮಿಷದಲ್ಲಿ ಗ್ರಿಡ್‌ನ ವೋಲ್ಟೇಜ್ ಆರು ಸಲ ಕುಸಿದು ಮೇಲೆದ್ದಿತು. ಇಂಥ ಕುಸಿತವನ್ನು ತಾಳಿಕೊಂಡು ಓಡುತ್ತಲೇ ಇರುವ ಸಾಮರ್ಥ್ಯ ಗಾಳಿಯಂತ್ರಗಳಿಗಿತ್ತು, ತಾಳಿಯೂ ತಾಳಿದವು. ಆದರೆ ಹಲವು ಯಂತ್ರಗಳ ನಿಯಂತ್ರಣ ತಂತ್ರಾಂಶದಲ್ಲಿ ಒಂದು ಮಿತಿ ಕೂತಿತ್ತು: ಇಷ್ಟು ಹೊತ್ತಿನೊಳಗೆ ಇಷ್ಟು ಕುಸಿತ ಬಂದರೆ ಸಾಕು, ಉತ್ಪಾದನೆ ತಗ್ಗಿಸು. ಎಣಿಕೆ ಆ ಮಿತಿಯನ್ನು ಮುಟ್ಟಿದ ಕೂಡಲೇ ಒಂಬತ್ತು ಗಾಳಿ ವಿದ್ಯುತ್ ಕೇಂದ್ರಗಳು ಏಳು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ 456 ಮೆಗಾವಾಟ್ ಕಳಚಿಕೊಂಡವು. ದೇಶದ ಗ್ರಿಡ್ ನಿರ್ವಾಹಕ ಸಂಸ್ಥೆಗೆ ಅಂಥದೊಂದು ಸೆಟ್ಟಿಂಗ್ ಇದೆ ಎಂಬುದೇ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಆ ಕೊರತೆಯನ್ನು ತುಂಬಲು ವಿಕ್ಟೋರಿಯಾ ಕಡೆಯ ಹೇವುಡ್ ಸಂಪರ್ಕ ಮಾರ್ಗದಲ್ಲಿ ವಿದ್ಯುತ್ ತನ್ನ ಮಿತಿ ಮೀರಿ ಹರಿಯಿತು. ಒಂದು ಸೆಕೆಂಡೂ ಆಗಿರಲಿಲ್ಲ, ಅದರ ರಕ್ಷಣಾ ವ್ಯವಸ್ಥೆ ಮಾರ್ಗವನ್ನು ಕಡಿಯಿತು. ಈಗ ರಾಜ್ಯ ಒಂಟಿ, ಬೇಡಿಕೆಯ ಅರ್ಧದಷ್ಟೂ ಉತ್ಪಾದನೆ ಉಳಿದಿಲ್ಲ. 50 ಹರ್ಟ್ಸ್ ಇರಬೇಕಾದ ಆವರ್ತನ, ಅಂದರೆ ಪರ್ಯಾಯ ವಿದ್ಯುತ್ತಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ, ಸೆಕೆಂಡಿಗೆ ಸುಮಾರು 6 ಹರ್ಟ್ಸ್ ವೇಗದಲ್ಲಿ ಕೆಳಗಿಳಿಯಿತು.

ಈ ಕೊನೆಯ ಅಂಕಿಯೇ ಇಡೀ ಪ್ರಕರಣದ ಕೀಲಿಕೈ. ಆವರ್ತನ 49ಕ್ಕಿಂತ ಕೆಳಗಿಳಿದರೆ ಕೆಲವು ಪ್ರದೇಶಗಳನ್ನು ತಾನಾಗಿಯೇ ಕತ್ತರಿಸಿ ಉಳಿದವನ್ನು ಕಾಪಾಡುವ ಏರ್ಪಾಡು ಗ್ರಿಡ್‌ನಲ್ಲಿತ್ತು. ಅದು ಕೆಲಸ ಮಾಡಬೇಕಾದರೆ ಆವರ್ತನ ಬೀಳುವ ವೇಗ ಸೆಕೆಂಡಿಗೆ 3 ಹರ್ಟ್ಸ್ ಮೀರಬಾರದು. 47ಕ್ಕಿಂತ ಕೆಳಗೆ ಹೋದರೆ ಜನರೇಟರ್‌ಗಳೇ ತಮ್ಮನ್ನು ಕಾಪಾಡಿಕೊಳ್ಳಲು ಕಳಚಿಕೊಳ್ಳುತ್ತವೆ. 6 ಹರ್ಟ್ಸ್ ವೇಗದಲ್ಲಿ 49ರಿಂದ 47ಕ್ಕೆ ಇಳಿಯಲು ಬೇಕಾದ್ದು ಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರಲ್ಲಿ ರಿಲೇಗಳು ಅಳೆದು, ನಿರ್ಧರಿಸಿ, ಸ್ವಿಚ್ ತೆರೆಯುವುದೆಲ್ಲಿ ಬಂತು? ಕಾಪಾಡುವ ಕತ್ತರಿ ಏಳುವ ಮೊದಲೇ ಗ್ರಿಡ್ ಕುಸಿದಿತ್ತು.

ಬೀಳುವ ವೇಗ ಯಾಕೆ ಅಷ್ಟು ಹೆಚ್ಚಿತ್ತು ಎಂಬುದಕ್ಕೆ ಉತ್ತರ ಜಡತ್ವದಲ್ಲಿದೆ. ಕಲ್ಲಿದ್ದಲು, ಅನಿಲ, ಜಲ ವಿದ್ಯುತ್ ಸ್ಥಾವರಗಳಲ್ಲಿ ನೂರಾರು ಟನ್ ತೂಕದ ರೋಟರ್‌ಗಳು ಗ್ರಿಡ್‌ನ ತಾಳಕ್ಕೆ ಸರಿಯಾಗಿ ತಿರುಗುತ್ತಿರುತ್ತವೆ. ಬೀಸುವ ಕಲ್ಲು ಕೈ ಬಿಟ್ಟ ಕೂಡಲೇ ನಿಲ್ಲದಂತೆ, ಉತ್ಪಾದನೆ ತಟ್ಟನೆ ತಗ್ಗಿದರೂ ಈ ರೋಟರ್‌ಗಳು ತಮ್ಮ ಚಲನಶಕ್ತಿಯನ್ನು ವಿದ್ಯುತ್ತಾಗಿ ಬಿಟ್ಟುಕೊಡುತ್ತಾ ನಿಧಾನವಾಗಿ ವೇಗ ಕಳೆದುಕೊಳ್ಳುತ್ತವೆ. ಆವರ್ತನ ಕುಸಿಯುವ ವೇಗ ಕೊರತೆಯ ಪ್ರಮಾಣಕ್ಕೆ ನೇರ ಅನುಪಾತದಲ್ಲೂ, ತಿರುಗುತ್ತಿರುವ ಒಟ್ಟು ಚಲನಶಕ್ತಿಗೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಯಾರೂ ಕೇಳದೆ, ಯಾರೂ ಹಣ ಕೊಡದೆ, ಬರೀ ಉಕ್ಕಿನ ತೂಕದಿಂದ ಸಿಗುತ್ತಿದ್ದ ಸೇವೆ ಇದು. ಸೌರಫಲಕದಲ್ಲಿ ತಿರುಗುವುದು ಏನೂ ಇಲ್ಲ. ಆಧುನಿಕ ಗಾಳಿಯಂತ್ರದ ರೆಕ್ಕೆ ತಿರುಗುತ್ತದಾದರೂ ಅದಕ್ಕೂ ಗ್ರಿಡ್‌ಗೂ ನಡುವೆ ಎಲೆಕ್ಟ್ರಾನಿಕ್ಸ್ ಕೂತಿರುವುದರಿಂದ ಆ ತಿರುಗಾಟ ಗ್ರಿಡ್‌ಗೆ ತಾನಾಗಿ ತಾಗುವುದಿಲ್ಲ.

ಅಂದರೆ ಗಾಳಿ ನಿಂತಿದ್ದರಿಂದ ಕರೆಂಟು ಹೋದದ್ದಲ್ಲ, ಗಾಳಿ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಗೋಪುರ ಬಿದ್ದದ್ದೊಂದೇ ಕಾರಣವೂ ಅಲ್ಲ. ಒಂದು ಸೆಟ್ಟಿಂಗ್ 456 ಮೆಗಾವಾಟನ್ನು ಕಿತ್ತುಕೊಂಡಿತು, ತೂಕ ಕಡಿಮೆಯಾಗಿದ್ದ ಗ್ರಿಡ್‌ಗೆ ಅದನ್ನು ತಾಳಿಕೊಳ್ಳುವಷ್ಟು ಸಮಯ ಸಿಗಲಿಲ್ಲ. ಆ ಸೆಟ್ಟಿಂಗನ್ನು ಬದಲಿಸುವ ಕೆಲಸ ಕೆಲವೇ ದಿನಗಳಲ್ಲಿ ಆರಂಭವಾಯಿತು. ಅದು ಯಾರಿಗೂ ದೊಡ್ಡ ಸುದ್ದಿಯಾಗಿ ಕಾಣಲಿಲ್ಲ.

ಪಂದ್ಯ

2017ರ ಫೆಬ್ರವರಿ 8ರಂದು ಬಿಸಿಲಿನ ಹೊಡೆತಕ್ಕೆ ಬೇಡಿಕೆ ಏರಿದಾಗ ಅದೇ ರಾಜ್ಯದಲ್ಲಿ ಸುಮಾರು 90,000 ಮನೆಗಳ ಕರೆಂಟನ್ನು ಬೇಕೆಂದೇ ಕಡಿಯಬೇಕಾಯಿತು. ಮಾರ್ಚ್‌ನಲ್ಲಿ ಸಾಫ್ಟ್‌ವೇರ್ ಉದ್ಯಮಿ ಮೈಕ್ ಕ್ಯಾನನ್-ಬ್ರೂಕ್ಸ್ ಟ್ವಿಟರ್‌ನಲ್ಲಿ ಟೆಸ್ಲಾದ ಎಲಾನ್ ಮಸ್ಕ್‌ನನ್ನು ಕೆಣಕಿದರು: ನೀವು ಇದನ್ನು ನಿಜವಾಗಿ ಸರಿಪಡಿಸಬಲ್ಲಿರಾ? ಒಪ್ಪಂದಕ್ಕೆ ಸಹಿ ಬಿದ್ದ 100 ದಿನಗಳೊಳಗೆ ಬ್ಯಾಟರಿ ನಿಲ್ಲಿಸದಿದ್ದರೆ ಉಚಿತ ಎಂದು ಮಸ್ಕ್ ಉತ್ತರಿಸಿದ. ಅದೇ ತಿಂಗಳು ರಾಜ್ಯ ಸರ್ಕಾರದ ಮುಖ್ಯಸ್ಥರಾಗಿದ್ದ ಪ್ರೀಮಿಯರ್ ಜೇ ವೆದರಿಲ್ 55 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳ ವಿದ್ಯುತ್ ಯೋಜನೆ ಪ್ರಕಟಿಸಿದರು. ಅದರಲ್ಲಿ ಬ್ಯಾಟರಿಯೂ ಒಂದು. ತೊಂಬತ್ತರಷ್ಟು ಪ್ರಸ್ತಾವಗಳು ಬಂದವು. ಜುಲೈನಲ್ಲಿ ಫ್ರಾನ್ಸ್‌ನ ನಿಯೋನ್ ಕಂಪನಿ ಮಾಲೀಕತ್ವಕ್ಕೂ, ಟೆಸ್ಲಾ ನಿರ್ಮಾಣಕ್ಕೂ ಆಯ್ಕೆಯಾದವು.

ಜೇಮ್ಸ್‌ಟೌನ್ ಪಟ್ಟಣದ ಬಳಿ, ರಾಜಧಾನಿ ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ನಿಯೋನ್‌ನ 99 ಗಾಳಿಯಂತ್ರಗಳ ಹಾರ್ನ್ಸ್‌ಡೇಲ್ ಕೇಂದ್ರದ ಪಕ್ಕದಲ್ಲೇ ಜಾಗ. ಸಾಮರ್ಥ್ಯ 100 ಮೆಗಾವಾಟ್, ಸಂಗ್ರಹ 129 ಮೆಗಾವಾಟ್-ಗಂಟೆ. ಲಿಥಿಯಂ-ಅಯಾನ್ ಬ್ಯಾಟರಿಗಳಲ್ಲಿ ಅಂದಿಗೆ ಜಗತ್ತಿನಲ್ಲೇ ದೊಡ್ಡದು. ವೆಚ್ಚ ಸುಮಾರು 9 ಕೋಟಿ ಆಸ್ಟ್ರೇಲಿಯನ್ ಡಾಲರ್. ಸೆಪ್ಟೆಂಬರ್ 29ರಂದು ಗಡಿಯಾರ ಓಡಲು ಶುರುವಾಯಿತು, ಡಿಸೆಂಬರ್ 1ರಂದು ಬ್ಯಾಟರಿ ಅಧಿಕೃತವಾಗಿ ಕೆಲಸ ಆರಂಭಿಸಿತು. ಪಂದ್ಯ ಗೆದ್ದಾಯಿತು. ಗಡಿಯಾರ ಶುರುವಾದ ದಿನವೇ ಬ್ಯಾಟರಿಯ ಅರ್ಧ ಭಾಗ ಜಾಗಕ್ಕೆ ಬಂದು ಕೂತಿತ್ತು ಎಂಬುದನ್ನು ಗೆಲುವಿನ ಸುದ್ದಿ ಬರೆದವರು ಅಷ್ಟಾಗಿ ಹೇಳಲಿಲ್ಲ. ಹಾಗಿದ್ದರೂ ಇಷ್ಟು ದೊಡ್ಡ ವಿದ್ಯುತ್ ಸೌಲಭ್ಯ ತಿಂಗಳುಗಳಲ್ಲಿ ಎದ್ದು ನಿಂತದ್ದು ಸಣ್ಣ ಮಾತಲ್ಲ. ಅನಿಲ ಸ್ಥಾವರಕ್ಕೆ ವರ್ಷಗಳು ಬೇಕು.

ಆಗ ಕೇಂದ್ರದಲ್ಲಿ ಹಣಕಾಸು ಸಚಿವರಾಗಿದ್ದ ಸ್ಕಾಟ್ ಮಾರಿಸನ್ ಇದನ್ನು ಪ್ರವಾಸಿಗರಿಗಾಗಿ ಹೆದ್ದಾರಿ ಬದಿಯಲ್ಲಿ ನಿಲ್ಲಿಸಿದ ದೈತ್ಯ ಬಾಳೆಹಣ್ಣು, ದೈತ್ಯ ಸಿಗಡಿಗಳಿಗೆ ಹೋಲಿಸಿ ಗೇಲಿ ಮಾಡಿದರು. ಲೆಕ್ಕ ಹಾಕಿ ನೋಡಿದರೆ ಗೇಲಿಗೆ ಆಧಾರ ಇಲ್ಲದಿಲ್ಲ. 129 ಮೆಗಾವಾಟ್-ಗಂಟೆಯನ್ನು ಅಪಘಾತದ ದಿನದ 1,826 ಮೆಗಾವಾಟ್ ಬೇಡಿಕೆಗೆ ಹಂಚಿದರೆ ನಾಲ್ಕು ನಿಮಿಷ ಚಿಲ್ಲರೆ. ಅದೂ ಕಾಗದದ ಮೇಲೆ ಮಾತ್ರ, ಯಾಕೆಂದರೆ ಒಮ್ಮೆಗೆ 100 ಮೆಗಾವಾಟ್‌ಗಿಂತ ಹೆಚ್ಚು ಹೊರಬರುವುದೇ ಇಲ್ಲ. ಗಾಳಿಯಿಲ್ಲದ ಒಂದು ರಾತ್ರಿಯನ್ನು ಈ ಬ್ಯಾಟರಿ ದಾಟಿಸಲಾರದು. ಆದರೆ ಗೇಲಿ ಮಾಡಿದವರೂ ಸಂಭ್ರಮಿಸಿದವರೂ ಬ್ಯಾಟರಿಯನ್ನು ಒಂದೇ ರೀತಿ ಕಲ್ಪಿಸಿಕೊಂಡಿದ್ದರು: ನೀರು ತುಂಬಿಟ್ಟ ತೊಟ್ಟಿ, ಎಷ್ಟು ಹೊತ್ತು ಬಂದೀತು? ಒಪ್ಪಂದ ಬರೆದವರ ಮನಸ್ಸಿನಲ್ಲಿದ್ದದ್ದು ಬೇರೆ. 100ರಲ್ಲಿ 70 ಮೆಗಾವಾಟ್ ಸಾಮರ್ಥ್ಯವನ್ನು ಗ್ರಿಡ್ ಭದ್ರತೆಗೆಂದು ಸರ್ಕಾರ ಕಾದಿರಿಸಿತು, ಆದರೆ ಅದಕ್ಕೆ ಜೋಡಿಸಿದ ಶಕ್ತಿ ಸಂಗ್ರಹ ಕೆಲವು ನಿಮಿಷಕ್ಕಾಗುವಷ್ಟು ಮಾತ್ರ. ಸಂಗ್ರಹದ ಬಹುಪಾಲು ಉಳಿದ 30 ಮೆಗಾವಾಟ್ ಜೊತೆ ನಿಯೋನ್‌ನ ವ್ಯಾಪಾರಕ್ಕೆ ಹೋಯಿತು. ಸರ್ಕಾರ ಕೊಂಡದ್ದು ಗಂಟೆಗಳನ್ನಲ್ಲ, ಸೆಕೆಂಡುಗಳನ್ನು.

7.3 ಮೆಗಾವಾಟ್

ಬ್ಯಾಟರಿ ಶುರುವಾಗಿ ಎರಡು ವಾರ ಆಗಿತ್ತು. ಡಿಸೆಂಬರ್ 14ರ ನಸುಕಿನಲ್ಲಿ, ಸಾವಿರ ಕಿ.ಮೀ.ಯಷ್ಟು ದೂರದ ವಿಕ್ಟೋರಿಯಾದಲ್ಲಿ ಲಾಯ್ ಯಾಂಗ್ ಕಲ್ಲಿದ್ದಲು ಸ್ಥಾವರದ ಒಂದು ಘಟಕ ಟ್ರಿಪ್ ಆಗಿ 560 ಮೆಗಾವಾಟ್ ಕಳೆದುಹೋಯಿತು. ಆವರ್ತನ 49.80 ಹರ್ಟ್ಸ್‌ವರೆಗೆ ಇಳಿಯಿತು. ಇಂಥ ಹೊತ್ತಿಗೆಂದು ಹಣ ಪಡೆದು ಸಿದ್ಧವಾಗಿದ್ದದ್ದು ಕ್ವೀನ್ಸ್‌ಲ್ಯಾಂಡ್‌ನ ಗ್ಲಾಡ್‌ಸ್ಟೋನ್ ಕಲ್ಲಿದ್ದಲು ಸ್ಥಾವರ. ಅದು ಸ್ಪಂದಿಸುವ ಮೊದಲೇ ಹಾರ್ನ್ಸ್‌ಡೇಲ್ 7.3 ಮೆಗಾವಾಟ್ ಹರಿಸಿ ಆಗಿತ್ತು.

ಬ್ಯಾಟರಿ ಗ್ರಿಡ್ ಉಳಿಸಿತು ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಉಳಿಸಲಿಲ್ಲ. 560ರ ಎದುರು 7.3 ಎಂದರೆ ನೂರಕ್ಕೆ ಒಂದೂಕಾಲು ಪಾಲು. ಆ ದಿನ ಗ್ರಿಡ್ ಮುಳುಗುವ ಸ್ಥಿತಿಯಲ್ಲೂ ಇರಲಿಲ್ಲ. ಅಷ್ಟು ಕಡಿಮೆ ಹರಿಸಿದ್ದು ದೌರ್ಬಲ್ಯವೂ ಅಲ್ಲ. ಆವರ್ತನ ಸಾಮಾನ್ಯ ಪಟ್ಟಿಯಾದ 49.85–50.15ರಿಂದ ಎಷ್ಟು ಹೊರಗೆ ಹೋದರೆ ಅದಕ್ಕೆ ತಕ್ಕಷ್ಟೇ ತಳ್ಳು ಎಂಬುದು ಬ್ಯಾಟರಿಗೆ ಕೊಟ್ಟ ಸೂಚನೆ. ಕುಸಿತ ಚಿಕ್ಕದು, ತಳ್ಳುವಿಕೆಯೂ ಚಿಕ್ಕದು. ಎಂಜಿನಿಯರ್‌ಗಳ ಕಣ್ಣು ಅಂಟಿಕೊಂಡದ್ದು ಪ್ರಮಾಣಕ್ಕಲ್ಲ, ರೇಖಾಚಿತ್ರದ ಆಕಾರಕ್ಕೆ. ಆವರ್ತನ ಇಳಿದಂತೆ ಬ್ಯಾಟರಿಯ ಗೆರೆ ಅದರ ಕನ್ನಡಿಯ ಬಿಂಬದಂತೆ ಏರಿತ್ತು, ನಡುವೆ ಕಣ್ಣಿಗೆ ಕಾಣುವಷ್ಟು ತಡ ಇರಲಿಲ್ಲ.

ಯಾಕೆ ಹೀಗೆ? ಉಗಿ ಟರ್ಬೈನ್‌ನಿಂದ ಹೆಚ್ಚು ವಿದ್ಯುತ್ ಬೇಕೆಂದರೆ ಕವಾಟ ತೆರೆಯಬೇಕು, ಉಗಿ ಹರಿಯಬೇಕು, ಬಾಯ್ಲರ್ ಅದಕ್ಕೆ ಹೊಂದಿಕೊಳ್ಳಬೇಕು. ಬ್ಯಾಟರಿಯಲ್ಲಿ ಚಲಿಸುವ ಭಾಗವೇ ಇಲ್ಲ. ಇನ್ವರ್ಟರ್‌ನ ಅರೆವಾಹಕ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತಾ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ರೂಪಿಸುತ್ತವೆ. ಎಷ್ಟು ಹರಿಯಬೇಕು ಎಂಬುದು ಅವುಗಳಿಗೆ ಬರುವ ಅಂಕಿಯಷ್ಟೇ. ಅಂಕಿ ಬದಲಾದರೆ ಸೆಕೆಂಡಿನ ಸಣ್ಣ ಭಾಗದಲ್ಲಿ ಹರಿವು ಬದಲಾಗುತ್ತದೆ, ಹೊರಗೆ ಕೊಡುತ್ತಿದ್ದದ್ದು ಒಳಗೆ ಎಳೆದುಕೊಳ್ಳಲೂ ಶುರುಮಾಡಬಹುದು. ಗ್ರಿಡ್ ನಿರ್ವಾಹಕ ಸಂಸ್ಥೆ 2018ರ ಏಪ್ರಿಲ್‌ನಲ್ಲಿ ಹೊರತಂದ ಆರಂಭಿಕ ವರದಿಯಲ್ಲಿ ಎರಡು ಚಿತ್ರಗಳನ್ನು ಹೋಲಿಸಿತ್ತು. ನಿಯಂತ್ರಣ ಕೇಂದ್ರದಿಂದ ಕೆಲವೇ ಸೆಕೆಂಡಿಗೊಮ್ಮೆ ಹೋಗುವ ಏರಿಳಿತದ ಆದೇಶವನ್ನು ದೊಡ್ಡ ಉಗಿ ಟರ್ಬೈನ್ ಏದುಸಿರು ಬಿಡುತ್ತಾ ತಡವಾಗಿ ಹಿಂಬಾಲಿಸುತ್ತದೆ, ಕೆಲವೊಮ್ಮೆ ವಿರುದ್ಧ ದಿಕ್ಕಿಗೂ ಹೋಗಿರುತ್ತದೆ. ಹಾರ್ನ್ಸ್‌ಡೇಲ್‌ನ ಗೆರೆ ಆದೇಶದ ಗೆರೆಯ ಮೇಲೇ ಕೂತಿದೆ. ಬ್ಯಾಟರಿಯ ಬಗ್ಗೆ ಬಂದ ನೂರಾರು ಸುದ್ದಿಗಳಿಗಿಂತ ಆ ಎರಡು ಚಿತ್ರಗಳು ಹೆಚ್ಚು ಹೇಳುತ್ತವೆ.

ದುಡ್ಡು ಎಲ್ಲಿಂದ ಬಂತು

ವ್ಯಾಪಾರದ ಕಥೆಯಲ್ಲಿ ಒಂದು ತಮಾಷೆಯಿದೆ. ಗ್ರಿಡ್‌ನ ಆವರ್ತನ ಕಾಯುವ ಸೇವೆಗಳಿಗೆ ಆಸ್ಟ್ರೇಲಿಯಾದಲ್ಲಿ ಆಗ ಎಂಟು ಮಾರುಕಟ್ಟೆಗಳಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ವೇಗದ್ದು 6 ಸೆಕೆಂಡಿನದು, ಅಂದರೆ ಉಗಿ ಮತ್ತು ನೀರಿನ ಯಂತ್ರಗಳ ಕೈಗೆಟುಕುವ ವೇಗ. ಬ್ಯಾಟರಿ ಒಂದು ಸೆಕೆಂಡಿನೊಳಗೆ ಕೊಡುತ್ತಿದ್ದ ಸೇವೆಗೆ ಬೆಲೆಪಟ್ಟಿಯಲ್ಲಿ ಸಾಲೇ ಇರಲಿಲ್ಲ. ಹೀಗಾಗಿ ಅದು ತನ್ನ ವಿಶೇಷ ಗುಣವನ್ನು ಹೆಚ್ಚುಕಡಿಮೆ ಪುಕ್ಕಟೆ ಕೊಟ್ಟು, ಹಳೆಯ ಯಂತ್ರಗಳಿಗೆಂದು ಬರೆದ ನಿಯಮಗಳಲ್ಲಿ ಹಣ ಗಳಿಸಿತು.

ಚೆನ್ನಾಗಿಯೇ ಗಳಿಸಿತು. ಹೇವುಡ್ ಮಾರ್ಗ ಕಡಿಯುವ ಅಪಾಯ ಇದ್ದಾಗಲೆಲ್ಲ 35 ಮೆಗಾವಾಟ್‌ನಷ್ಟು ಆವರ್ತನ ನಿಯಂತ್ರಣ ರಾಜ್ಯದೊಳಗಿನಿಂದಲೇ ಬರಬೇಕು ಎಂದು 2015ರಿಂದ ಒಂದು ನಿಯಮವಿತ್ತು. ಕೊಡಬಲ್ಲವರು ಬೆರಳೆಣಿಕೆಯ ಅನಿಲ ಸ್ಥಾವರದವರು. ಅವರು ಕೇಳಿದ್ದೇ ಬೆಲೆ, ಒಮ್ಮೊಮ್ಮೆ ಮಾರುಕಟ್ಟೆಯ ಗರಿಷ್ಠ ಮಿತಿಯ ಹತ್ತಿರದವರೆಗೂ ಹೋಗುತ್ತಿತ್ತು. ಬ್ಯಾಟರಿ ಬಂದ ಮೇಲೆ ಆ ಆಟ ನಿಂತಿತು. ಆವರ್ತನ ನಿಯಂತ್ರಣದ ವೆಚ್ಚದಲ್ಲಿ ಬ್ಯಾಟರಿಯಿಂದಾಗಿ 2018ರಲ್ಲಿ ಸುಮಾರು 4 ಕೋಟಿ, 2019ರಲ್ಲಿ 11.6 ಕೋಟಿ ಆಸ್ಟ್ರೇಲಿಯನ್ ಡಾಲರ್ ಉಳಿಯಿತು ಎಂದು ಸಲಹಾ ಸಂಸ್ಥೆ ಆರೆಕಾನ್ ಅಂದಾಜಿಸಿತು. ಬ್ಯಾಟರಿಯ ಬೆಲೆ ಎರಡೇ ವರ್ಷದಲ್ಲಿ ಹುಟ್ಟಿತು ಎಂದು ಈ ಅಂಕಿಗಳನ್ನು ಎತ್ತಿ ಹೇಳುವವರಿದ್ದಾರೆ. ಸ್ವಲ್ಪ ತಡೆಯಬೇಕು. ಈ ಉಳಿತಾಯದ ದೊಡ್ಡ ಪಾಲು ಅನಿಲ ಸ್ಥಾವರಗಳ ಜೇಬಿನಿಂದ ಗ್ರಾಹಕರ ಜೇಬಿಗೆ ಬಂದ ಹಣ, ದೇಶದ ಇಂಧನ ವೆಚ್ಚದಲ್ಲಿ ಅಷ್ಟೂ ಕಡಿಮೆಯಾಯಿತು ಎಂದಲ್ಲ. ಅಲ್ಲದೆ ಮುರಿದದ್ದು ಒಂದು ಚಿಕ್ಕ ಮಾರುಕಟ್ಟೆಯ ಏಕಸ್ವಾಮ್ಯ. ಒಮ್ಮೆ ಮುರಿದ ಮೇಲೆ ಎರಡನೇ ಬ್ಯಾಟರಿಗೆ ಮುರಿಯಲು ಅಲ್ಲಿ ಏನೂ ಉಳಿಯುವುದಿಲ್ಲ. ಆ 35 ಮೆಗಾವಾಟ್ ನಿಯಮವನ್ನೇ 2018ರ ಅಕ್ಟೋಬರ್‌ನಲ್ಲಿ ಕೈಬಿಟ್ಟರು.

ನಿಯಮಗಳು ನಿಧಾನವಾಗಿ ಯಂತ್ರವನ್ನು ಹಿಂಬಾಲಿಸಿದವು. ವಿದ್ಯುತ್ ಹಂಚಿಕೆಯ ಆದೇಶ 5 ನಿಮಿಷಕ್ಕೊಮ್ಮೆ ಹೋಗುತ್ತಿದ್ದರೂ ಹಣದ ಲೆಕ್ಕ 30 ನಿಮಿಷದ ಸರಾಸರಿಯಲ್ಲಿ ನಡೆಯುತ್ತಿತ್ತು, ಐದು ನಿಮಿಷದ ಏರಿಕೆಗೆ ಜಿಗಿಯಬಲ್ಲ ಬ್ಯಾಟರಿಗೆ ಇದರಿಂದ ನಷ್ಟ. ಲೆಕ್ಕವನ್ನೂ 5 ನಿಮಿಷಕ್ಕಿಳಿಸುವ ತೀರ್ಮಾನ 2017ರ ನವೆಂಬರ್ 28ರಂದು, ಬ್ಯಾಟರಿ ಶುರುವಾಗುವ ಮೂರು ದಿನ ಮುಂಚೆ ಆಯಿತು. ಜಾರಿಗೆ ಬಂದದ್ದು 2021ರ ಅಕ್ಟೋಬರ್ 1ರಂದು. ಒಂದು ಸೆಕೆಂಡಿನ ಸೇವೆಗೆ ಪ್ರತ್ಯೇಕ ಮಾರುಕಟ್ಟೆ ತೆರೆದದ್ದು 2023ರ ಅಕ್ಟೋಬರ್ 9ರಂದು. ಯಂತ್ರ ನಿಲ್ಲಿಸಲು ಕೆಲವು ತಿಂಗಳು, ಅದು ಮಾಡುವ ಕೆಲಸಕ್ಕೆ ಬೆಲೆ ಗೊತ್ತುಮಾಡಲು ಸುಮಾರು ಆರು ವರ್ಷ.

ನಿಜವಾದ ಪರೀಕ್ಷೆ

7.3 ಮೆಗಾವಾಟ್‌ನ ಸಡಗರಕ್ಕಿಂತ ಹೆಚ್ಚು ತೂಕದ ಘಟನೆ 2018ರ ಆಗಸ್ಟ್ 25ರದ್ದು. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಣ ಸಂಪರ್ಕ ಮಾರ್ಗಕ್ಕೆ ಸಿಡಿಲು ಬಡಿಯಿತು. ಹೊರಗೆ ವಿದ್ಯುತ್ ಕಳಿಸುತ್ತಿದ್ದ ಕ್ವೀನ್ಸ್‌ಲ್ಯಾಂಡ್ ಬೇರ್ಪಟ್ಟಿತು, ಉಳಿದ ರಾಜ್ಯಗಳಲ್ಲಿ ಕೊರತೆಯಾಗಿ ಆವರ್ತನ ಇಳಿಯಿತು. ಹಾರ್ನ್ಸ್‌ಡೇಲ್ ಕೂಡಲೇ ವಿದ್ಯುತ್ ತಳ್ಳಿತು. ದಕ್ಷಿಣ ಆಸ್ಟ್ರೇಲಿಯಾದಿಂದ ವಿಕ್ಟೋರಿಯಾ ಕಡೆ ಹರಿವು ದಿಢೀರನೆ ಏರಿತು, ಅದನ್ನು ಕಂಡ ರಕ್ಷಣಾ ವ್ಯವಸ್ಥೆ ಆ ಸಂಪರ್ಕವನ್ನೂ ಕಡಿಯಿತು. ಕ್ಷಣಾರ್ಧದಲ್ಲಿ ಸಮಸ್ಯೆ ತಲೆಕೆಳಗಾಯಿತು: ಹೊರಗೆ ಕಳಿಸುತ್ತಿದ್ದ ವಿದ್ಯುತ್ತಿಗೆ ಈಗ ದಾರಿಯಿಲ್ಲ, ರಾಜ್ಯದೊಳಗೆ ಆವರ್ತನ 50ನ್ನು ದಾಟಿ ಮೇಲಕ್ಕೆ. ಬ್ಯಾಟರಿ ಕೊಡುವುದನ್ನು ನಿಲ್ಲಿಸಿ, ದಿಕ್ಕು ಬದಲಿಸಿ ಹೀರತೊಡಗಿತು. ಆ ದಿನ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಟ್ಯಾಸ್ಮೇನಿಯಾಗಳಲ್ಲಿ ಗ್ರಾಹಕರ ಕರೆಂಟು ಕಡಿಯಬೇಕಾಯಿತು, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಡಿಯಲಿಲ್ಲ. ಕೆಲವೇ ಸೆಕೆಂಡುಗಳ ಅಂತರದಲ್ಲಿ ಎರಡು ವಿರುದ್ಧ ಕೆಲಸಗಳನ್ನು ಒಂದೇ ಯಂತ್ರ ಮಾಡಿದ್ದು ಇಲ್ಲಿನ ವಿಶೇಷ. ಸಮಸ್ಯೆಯನ್ನು ತಲೆಕೆಳಗು ಮಾಡಿದ ಹರಿವಿನಲ್ಲಿ ಆ ಯಂತ್ರದ ವೇಗದ ಸಹಾಯವೂ ಸೇರಿತ್ತು ಎಂಬುದನ್ನೂ ಜೊತೆಗೇ ಹೇಳಬೇಕು.

2020ರ ಜನವರಿ 31ರಂದು ಪಶ್ಚಿಮ ವಿಕ್ಟೋರಿಯಾದಲ್ಲಿ ಬಿರುಗಾಳಿಗೆ ಹೈಟೆನ್ಷನ್ ಗೋಪುರಗಳು ನೆಲಕಚ್ಚಿದವು. ಎರಡು ವಾರಕ್ಕೂ ಮೀರಿ ದಕ್ಷಿಣ ಆಸ್ಟ್ರೇಲಿಯಾ ಗ್ರಿಡ್ ದ್ವೀಪದಂತೆ ಒಂಟಿಯಾಗಿ ನಡೆಯಿತು, ದೀಪ ಆರಲಿಲ್ಲ. ಅದರ ಶ್ರೇಯ ಬ್ಯಾಟರಿಗಳ ಜೊತೆ ಅನಿಲ ಸ್ಥಾವರಗಳಿಗೂ, ಬದಲಾದ ಕಾರ್ಯವಿಧಾನಕ್ಕೂ ಸೇರಬೇಕು.

2016ರ ದಿನ ಈ ಬ್ಯಾಟರಿ ಇದ್ದಿದ್ದರೆ? 456 ಮೆಗಾವಾಟ್ ಹೋದಲ್ಲಿ 100 ಮೆಗಾವಾಟ್ ಒಂದೇ ಸಾಲದು. ಅದಕ್ಕೇ ಅದನ್ನು ಒಂಟಿಯಾಗಿ ನಿಲ್ಲಿಸದೆ ಮೂರು ಹಂತದ ಏರ್ಪಾಡಿನ ಮೊದಲ ಮೆಟ್ಟಿಲಾಗಿ ಜೋಡಿಸಿದರು. ಹೇವುಡ್ ಮಾರ್ಗದಲ್ಲಿ ಹರಿವು ಅಪಾಯದತ್ತ ಏರಿದರೆ ಮೊದಲು ಬ್ಯಾಟರಿಗೆ ಸಂದೇಶ, ಅದು ಸಾಲದಿದ್ದರೆ ಆಯ್ದ ಪ್ರದೇಶಗಳ ಕಡಿತ, ಅದೂ ಸಾಲದಿದ್ದರೆ ಮಾತ್ರ ಮಾರ್ಗವನ್ನು ಕಡಿಯುವುದು. ಮೊದಲ ಎರಡು ಮೆಟ್ಟಿಲುಗಳು 2016ರಲ್ಲಿ ಇರಲಿಲ್ಲ.

ನಾಲ್ಕು ತಿಂಗಳು ಕಾಣದ ತೊಂದರೆ

2019ರ ಅಕ್ಟೋಬರ್ 9ರಂದು ಕ್ವೀನ್ಸ್‌ಲ್ಯಾಂಡ್‌ನ ಕೋಗನ್ ಕ್ರೀಕ್ ಕಲ್ಲಿದ್ದಲು ಸ್ಥಾವರ ಟ್ರಿಪ್ ಆಯಿತು. ಆವರ್ತನ ಇಳಿದಾಗ ಹಾರ್ನ್ಸ್‌ಡೇಲ್ ಮಾರುಕಟ್ಟೆಯಲ್ಲಿ ಒಪ್ಪಿಕೊಂಡಷ್ಟು ಸ್ಪಂದಿಸಲಿಲ್ಲ. ಕೆದಕಿ ನೋಡಿದಾಗ ಜುಲೈನಿಂದ ನವೆಂಬರ್‌ವರೆಗೆ, ಹೆಚ್ಚುಕಡಿಮೆ ನಾಲ್ಕು ತಿಂಗಳು, ಅದು ಕೊಡಲಾಗದ ತುರ್ತು ಸೇವೆಯನ್ನು ಕೊಡುತ್ತೇನೆಂದು ಹೇಳಿ ಹಣ ಪಡೆಯುತ್ತಿತ್ತು ಎಂಬುದು ಹೊರಬಂತು. ಇಂಧನ ನಿಯಂತ್ರಣ ಸಂಸ್ಥೆ 2021ರಲ್ಲಿ ಮೊಕದ್ದಮೆ ಹೂಡಿತು, 2022ರಲ್ಲಿ ಫೆಡರಲ್ ನ್ಯಾಯಾಲಯ 9 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಹಾರ್ನ್ಸ್‌ಡೇಲ್ ಬಗ್ಗೆ ಬರುವ ಹೊಗಳಿಕೆಯ ಬರಹಗಳಲ್ಲಿ ಈ ಪ್ರಸಂಗ ಅಪರೂಪ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಹೆಚ್ಚು ಕಲಿಸುವುದು ಇದೇ. ತಿರುಗುತ್ತಿರುವ ಉಕ್ಕಿನ ರೋಟರ್ ಜಡತ್ವ ಕೊಡದೆ ಇರಲಾರದು. ಅದು ತಿರುಗುತ್ತಿದೆಯೋ ಇಲ್ಲವೋ ಎಂದು ನೋಡಿದರೆ ಸಾಕು. ಇನ್ವರ್ಟರ್‌ನಿಂದ ಬರುವ ಸೇವೆ ಹಾಗಲ್ಲ. ಬ್ಯಾಟರಿ ತುಂಬಿರಬಹುದು, ದಿನದ ವ್ಯಾಪಾರ ಎಂದಿನಂತೆ ನಡೆದಿರಬಹುದು, ಹೊರಗಿನಿಂದ ನೋಡಿದರೆ ಎಲ್ಲವೂ ಸರಿ. ಆದರೂ ಆ ಒಂದು ಸೆಕೆಂಡಿನ ಸಾಮರ್ಥ್ಯ ಇದೆಯೋ ಇಲ್ಲವೋ ಎಂಬುದು ದೂರದಲ್ಲೆಲ್ಲೋ ದೊಡ್ಡ ಸ್ಥಾವರವೊಂದು ಬೀಳುವವರೆಗೆ ಗೊತ್ತಾಗುವುದಿಲ್ಲ. 2016ರಲ್ಲಿ ಗಾಳಿಯಂತ್ರಗಳ ಮಿತಿಯೂ ಹೀಗೇ ಬಚ್ಚಿಟ್ಟುಕೊಂಡಿತ್ತು. ಲೋಹದ ತೂಕ ಮಾಡುತ್ತಿದ್ದ ಕೆಲಸವನ್ನು ಬರೆದಿಟ್ಟ ಸೂಚನೆಗಳಿಗೆ ಒಪ್ಪಿಸಿದ ಮೇಲೆ, ಆ ಸೂಚನೆಗಳನ್ನು ಓದುವ, ಪರೀಕ್ಷಿಸುವ, ಬದಲಾದಾಗ ತಿಳಿಸುವ ವ್ಯವಸ್ಥೆ ಯಂತ್ರದಷ್ಟೇ ಮುಖ್ಯವಾದ ತಂತ್ರಜ್ಞಾನ. ಅದನ್ನು ಉದ್ಘಾಟಿಸಲು ಯಾರೂ ರಿಬ್ಬನ್ ಕತ್ತರಿಸುವುದಿಲ್ಲ ಅಷ್ಟೇ.

ತೂಕ ಮತ್ತು ಅದರ ನಕಲು

2020ರಲ್ಲಿ ಹಾರ್ನ್ಸ್‌ಡೇಲನ್ನು 150 ಮೆಗಾವಾಟ್, 193.5 ಮೆಗಾವಾಟ್-ಗಂಟೆಗೆ ವಿಸ್ತರಿಸಿದರು. ವಿಸ್ತರಣೆಯ ಮುಖ್ಯ ಉದ್ದೇಶಗಳಲ್ಲೊಂದು ಇನ್ವರ್ಟರ್‌ಗೆ ರೋಟರ್‌ನಂತೆ ನಡೆದುಕೊಳ್ಳಲು ಕಲಿಸುವುದು. ಮೊದಲಿನ ವಿಧಾನದಲ್ಲಿ ಇನ್ವರ್ಟರ್ ಗ್ರಿಡ್‌ನ ಆವರ್ತನವನ್ನು ಅಳೆದು, ಅದಕ್ಕೆ ತಕ್ಕಂತೆ ಪ್ರತಿಕ್ರಿಯಿಸುತ್ತಿತ್ತು. ಎಷ್ಟೇ ವೇಗವಾದರೂ ಅಳೆಯಲು ಒಂದಷ್ಟು ಹೊತ್ತು ಬೇಕೇ ಬೇಕು. ಹೊಸ ವಿಧಾನದಲ್ಲಿ ಅದು ತನ್ನೊಳಗೆ ಒಂದು ಕಾಲ್ಪನಿಕ ರೋಟರಿನ ಸಮೀಕರಣವನ್ನು ಬಿಡಿಸುತ್ತಾ, ತನ್ನದೇ ವೋಲ್ಟೇಜ್ ಅಲೆಯನ್ನು ಹಿಡಿದಿಡುತ್ತದೆ. ಗ್ರಿಡ್ ಅದರಿಂದ ಸರಿದರೆ ವಿದ್ಯುತ್ ತಾನಾಗಿ ಹರಿಯುತ್ತದೆ. 2022ರ ಜುಲೈನಲ್ಲಿ ಇದನ್ನು ಇಡೀ ಬ್ಯಾಟರಿಗೆ ಅಳವಡಿಸಲು ಅನುಮತಿ ಸಿಕ್ಕಿತು. ಸುಮಾರು 2,000 ಮೆಗಾವಾಟ್-ಸೆಕೆಂಡ್ ಜಡತ್ವಕ್ಕೆ ಸಮ ಎಂಬುದು ಕಂಪನಿಯ ಹೇಳಿಕೆ.

ಅದೇ ಹೊತ್ತಿಗೆ ರಾಜ್ಯದ ಪ್ರಸರಣ ಕಂಪನಿ ಎಲೆಕ್ಟ್ರಾನೆಟ್ ಇನ್ನೊಂದು ದಾರಿ ಹಿಡಿಯಿತು. ಡೇವನ್‌ಪೋರ್ಟ್ ಮತ್ತು ರಾಬರ್ಟ್ಸ್‌ಟೌನ್‌ಗಳಲ್ಲಿ ತಲಾ ಎರಡರಂತೆ ನಾಲ್ಕು ಸಿಂಕ್ರೊನಸ್ ಕಂಡೆನ್ಸರ್‌ಗಳನ್ನು ನಿಲ್ಲಿಸಿ 2021ರಲ್ಲಿ ಚಾಲೂ ಮಾಡಿತು. ಇವು ಇಂಧನ ಉರಿಸುವುದಿಲ್ಲ, ವಿದ್ಯುತ್ ಉತ್ಪಾದಿಸುವುದಿಲ್ಲ. ಭಾರದ ರೋಟರ್ ಮತ್ತು ಗಾಲಿಯನ್ನು ಗ್ರಿಡ್‌ನ ತಾಳಕ್ಕೆ ತಿರುಗಿಸುತ್ತಾ ಇರುವುದೇ ಕೆಲಸ. ಕಲ್ಲಿದ್ದಲು ಸ್ಥಾವರದಿಂದ ಬೆಂಕಿ, ಉಗಿ, ಹೊಗೆಯನ್ನೆಲ್ಲ ಕಳೆದು ತೂಕವನ್ನಷ್ಟೇ ಉಳಿಸಿಕೊಂಡಂತೆ. ಇವು ಬಂದ ಮೇಲೆ ಗ್ರಿಡ್ ಭದ್ರತೆಗೆಂದೇ ಓಡಿಸಬೇಕಿದ್ದ ಅನಿಲ ಘಟಕಗಳ ಸಂಖ್ಯೆ ತಗ್ಗಿತು. ಬ್ಯಾಟರಿಗೆ ಸಿಕ್ಕ ಹೆಸರಿನ ಸಣ್ಣ ಪಾಲೂ ಇವಕ್ಕೆ ಸಿಕ್ಕಿಲ್ಲ. ದಕ್ಷಿಣ ಆಸ್ಟ್ರೇಲಿಯಾ ಈಗ ತನ್ನ ವಿದ್ಯುತ್ತಿನ ನೂರಕ್ಕೆ 70ರಷ್ಟನ್ನು ಗಾಳಿ, ಬಿಸಿಲಿನಿಂದ ಪಡೆಯುತ್ತಿರುವುದರ ಹಿಂದೆ ಬ್ಯಾಟರಿಯ ವೇಗದ ಜೊತೆ ಈ ಮೂಕ ಗಾಲಿಗಳೂ ಇವೆ.

ಹಾರ್ನ್ಸ್‌ಡೇಲ್ ಮಾದರಿಯನ್ನು ನಕಲು ಮಾಡಲು ಹೊರಟವರು ನೋಡಬೇಕಾದ ಇನ್ನೊಂದು ಅಂಶವಿದೆ. 2021ರ ಡಿಸೆಂಬರ್‌ನಲ್ಲಿ ವಿಕ್ಟೋರಿಯಾದಲ್ಲಿ 300 ಮೆಗಾವಾಟ್, 450 ಮೆಗಾವಾಟ್-ಗಂಟೆಯ ಬ್ಯಾಟರಿ ಶುರುವಾಯಿತು, ಅದರ ಬೆನ್ನಿಗೆ ಹಲವು ಬಂದವು. ಆವರ್ತನ ಕಾಯಲು ಇಡೀ ಗ್ರಿಡ್‌ಗೆ ಬೇಕಾದ ಸಾಮರ್ಥ್ಯ ಕೆಲವು ನೂರು ಮೆಗಾವಾಟ್‌ಗಳಷ್ಟೇ, ಕೊಡುವವರು ಹೆಚ್ಚಾದಂತೆ ಬೆಲೆ ಇಳಿಯಿತು. ಹೊಸ ಬ್ಯಾಟರಿಗಳ ಆದಾಯದ ಮುಖ್ಯ ಭಾಗ ಈಗ ಮಧ್ಯಾಹ್ನದ ಅಗ್ಗದ ಸೌರ ವಿದ್ಯುತ್ತನ್ನು ತುಂಬಿಕೊಂಡು ಸಂಜೆ ಮಾರುವುದರಿಂದ ಬರುತ್ತದೆ. ಅದಕ್ಕೆ ತಕ್ಕಂತೆ ಅವುಗಳನ್ನು ಎರಡು ಗಂಟೆ, ನಾಲ್ಕು ಗಂಟೆ ಹರಿಯುವಷ್ಟು ಸಂಗ್ರಹದೊಂದಿಗೆ ಕಟ್ಟುತ್ತಿದ್ದಾರೆ. 2017ರಲ್ಲಿ ಜನ ಹಾರ್ನ್ಸ್‌ಡೇಲ್‌ನಿಂದ ಏನನ್ನು ನಿರೀಕ್ಷಿಸಿದ್ದರೋ, ಅದು ಏನನ್ನು ಮಾಡದೆಯೇ ಹೆಸರು ಮಾಡಿತೋ, ಆ ಕೆಲಸ.